ನಿಮ್ಮದು ಪ್ರಾಡಕ್ಟ್, ನಮ್ಮದು ಜೂಜು

ನಾನೇನು ಕೆಲಸ ಮಾಡ್ತೀನಿ ಅಂತ ಯಾರಾದರೂ ಕೇಳಿದರೆ ನಮ್ಮವ್ವನ ಉತ್ತರ ಒಂದೇ: "ಗೋವಾದಾಗ ಹೋಟೆಲ್ ಲೈನ್‌ನ್ಯಾಗ ಅದಾನ್ರಿ." ಯಾವ ಹೋಟೆಲು, ಅಡುಗೆಯೋ ಮ್ಯಾನೇಜರೋ ಅನ್ನೋ ಮುಂದಿನ ಪ್ರಶ್ನೆ ಬರುವಷ್ಟರಲ್ಲಿ "ಚಾ ಇಡ್ತೀನಿ" ಅಂತ ಎದ್ದು ಒಳಗೆ ಹೋಗಿರ್ತಾಳೆ.

ನಾನಿರೋದು ಹೋಟೆಲಿನಲ್ಲಲ್ಲ. ಪಣಜಿಯಲ್ಲಿ, ಮಾಂಡೋವಿ ನದಿಯಲ್ಲಿ ನಿಂತಿರೋ ಕ್ಯಾಸಿನೊ ಹಡಗೊಂದರಲ್ಲಿ ಡೀಲರ್. ಎಲೆ ಹಂಚೋದು, ರೂಲೆಟ್ ಚಕ್ರ ತಿರುಗಿಸೋದು, ಗೆದ್ದವರಿಗೆ ಚಿಪ್ಸ್ ಎಣಿಸಿ ಕೊಡೋದು, ಸೋತವರದ್ದು ಎಳೆದುಕೊಳ್ಳೋದು. ಮಾಂಡೋವಿ ಅಂದರೆ ಬೇರೇನಲ್ಲ, ಖಾನಾಪುರದ ಕಾಡಿನಲ್ಲಿ ಹುಟ್ಟೋ ನಮ್ಮ ಮಹದಾಯಿನೇ. ಕಾಲೇಜಿನಲ್ಲಿದ್ದಾಗ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಅದರ ನೀರಿಗಾಗಿ ಗಂಟಲು ಹರಿಯುವಂತೆ ಕೂಗಿದ್ದೆ. ನೀರು ಈ ಕಡೆ ಬರಲಿಲ್ಲ. ಬಿ.ಕಾಂ. ಮುಗಿಸಿ, ಎರಡು ವರ್ಷ ಬೈಕ್ ಶೋರೂಮಿನಲ್ಲಿ ಬಿಲ್ ಬರೆದು, ಕೊನೆಗೆ ನಾನೇ ಘಟ್ಟ ಇಳಿದು ಆ ನೀರಿದ್ದಲ್ಲಿಗೆ ಹೋದೆ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ನನ್ನ ಕ್ಲಾಸ್‌ಮೇಟ್ ಒಬ್ಬ. ಬೆಂಗಳೂರಿನಲ್ಲಿ ಒಂದು ರಮ್ಮಿ ಆ್ಯಪ್ ಕಂಪನಿಯಲ್ಲಿದ್ದ. ಅವನ ಕೆಲಸಕ್ಕೆ ದೊಡ್ಡ ಇಂಗ್ಲಿಷ್ ಹೆಸರಿತ್ತು. ಬಿಡಿಸಿ ಹೇಳಿದರೆ ಇಷ್ಟೇ: ದುಡ್ಡು ಕಳೆದುಕೊಂಡು ಆಡೋದು ಬಿಟ್ಟವನನ್ನ ಮತ್ತೆ ಆಟಕ್ಕೆ ಎಳೆದು ತರೋದು. ರಾತ್ರಿ ಎಷ್ಟು ಗಂಟೆಗೆ ನೋಟಿಫಿಕೇಶನ್ ಕಳಿಸಬೇಕು, ಎಷ್ಟು ಬೋನಸ್ ತೋರಿಸಿದರೆ ಕೈ ತಡೆಯೋಕೆ ಆಗಲ್ಲ, ಇದೇ ಲೆಕ್ಕ. ಒಂದು ಸಲ ಟೀಮ್ ಔಟಿಂಗ್ ಅಂತ ಇಡೀ ಗುಂಪು ನಮ್ಮ ಹಡಗಿಗೇ ಬಂತು. ಬೆಳಗಿನ ಜಾವ ಜೆಟ್ಟಿಯಲ್ಲಿ ಸಿಕ್ಕಾಗ ನನ್ನ ಹೆಗಲ ಮೇಲೆ ಕೈ ಹಾಕಿ, "ಲೇ, ಎಷ್ಟ್ ದಿನಾ ಅಂತ ಈ ಜೂಜಿನ ಕೆಲಸ ಮಾಡ್ತೀ? ಬೆಂಗಳೂರಿಗೆ ಬಾ, ಮರ್ಯಾದಿ ಇರೋ ಕೆಲಸ ನೋಡೂಣು" ಅಂದ. ಕುಡಿದಿದ್ದ, ಹಾಗಾಗಿ ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂದಿತ್ತು.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. ಅವನ ಕೆಲಸ ಹೋಯಿತು. ಲಿಂಕ್ಡ್‌ಇನ್‌ನಲ್ಲಿ ಅವನು ಹಾಕಿದ ಪೋಸ್ಟಿಗೆ ಬಂದ ಸಾಂತ್ವನ ನೋಡಬೇಕಿತ್ತು. "ಇಷ್ಟು ಪ್ರತಿಭಾವಂತ ತಂಡ", "ಎಂಥಾ ಪ್ರಾಡಕ್ಟ್ ಕಟ್ಟಿದ್ರಿ". ನಾನೂ ಒಂದು ಸಾಲು ಬರೆದೆ, ಸುಳ್ಳಲ್ಲ, ಗೆಳೆಯನ ಹೊಟ್ಟೆಪಾಡು. ಆದರೆ ಬರೆದ ಮೇಲೆ ನಿದ್ದೆ ಬರಲಿಲ್ಲ. ಅವನದು ಪ್ರಾಡಕ್ಟ್, ನನ್ನದು ಮಾತ್ರ ಜೂಜು, ಇದು ಯಾವ ನ್ಯಾಯ?

ನನ್ನ ಯೂನಿಫಾರ್ಮಿಗೆ ಜೇಬಿಲ್ಲ. ಟೇಬಲ್ ಬಿಟ್ಟು ಹೊರಡುವಾಗ ಎರಡೂ ಕೈ ತಟ್ಟಿ, ಅಂಗೈ ತಿರುಗಿಸಿ ಮೇಲಿನ ಕ್ಯಾಮೆರಾಗೆ ತೋರಿಸಬೇಕು. ನೀವು ಯಾವತ್ತಾದರೂ ಲಾಗೌಟ್ ಮಾಡುವಾಗ ಅಂಗೈ ತೋರಿಸಿದ್ದೀರಾ? ರೂಲೆಟ್‌ನಲ್ಲಿ ಒಂದೇ ಸೊನ್ನೆಯ ಚಕ್ರವಾದರೆ 37 ಮನೆ, ಗೆದ್ದ ನಂಬರಿಗೆ ಒಂದಕ್ಕೆ 35. ಎಲ್ಲಾ 37 ಮನೆಗೂ ಒಂದೊಂದು ರೂಪಾಯಿ ಇಟ್ಟರೆ ವಾಪಸ್ ಸಿಗೋದು 36. ಉಳಿದ ಒಂದು ರೂಪಾಯಿಯಲ್ಲೇ ಹಡಗು, ದೀಪ, ನನ್ನ ಸಂಬಳ ಎಲ್ಲಾ ನಡೀಬೇಕು. ಮಗ್ಗಿ ಬರೋ ಯಾರು ಬೇಕಾದರೂ ಲೆಕ್ಕ ಹಾಕಬಹುದು. (ತರಬೇತಿಯಲ್ಲಿ ನನ್ನನ್ನ ಉಳಿಸಿದ್ದೂ ಹದಿನೇಳರ ಮಗ್ಗಿಯೇ. ಎರಡು ನಂಬರಿನ ಗೆರೆ ಮೇಲಿಟ್ಟವರಿಗೆ ಒಂದಕ್ಕೆ 17 ಕೊಡಬೇಕು, ಯೋಚನೆ ಮಾಡೋಕೆ ಸಮಯ ಇರಲ್ಲ.)

ಹಾಗಂತ ನಾನು ಸಾಚಾ ಅಂತ ಹೇಳ್ತಿಲ್ಲ. ಒಂದು ರಾತ್ರಿ ನಡುವಯಸ್ಸಿನ ಒಬ್ಬರು ನನ್ನ ಎದೆಯ ಮೇಲಿನ ಹೆಸರು ಓದಿ, "ಕನ್ನಡದವರಾ? ಹಂಗಾದ್ರ ನೀವೇ ಹೇಳ್ರೆಪಾ, ಎಲ್ಲಿ ಇಡ್ಲಿ?" ಅಂದರು. ನಾನು ಏನೂ ಹೇಳೋ ಹಾಗಿಲ್ಲ. ಸುಮ್ಮನೆ ನಕ್ಕೆ. ಊರವನು ನಕ್ಕ ಅಂದ್ರೆ ಶುಭ ಅಂದುಕೊಂಡರೋ ಏನೋ, ಇದ್ದದ್ದೆಲ್ಲ ಇಟ್ಟರು. ಎಳೆದುಕೊಂಡವನು ನಾನೇ. ಆ ಮುಖ ಈಗಲೂ ನೆನಪಿದೆ. ನನ್ನ ಗೆಳೆಯನಿಗೆ ನೆನಪಿಡೋಕೆ ಒಂದು ಮುಖವೂ ಇಲ್ಲ, ಅವನ ಡ್ಯಾಶ್‌ಬೋರ್ಡಿನಲ್ಲಿ ಇದ್ದದ್ದು ಬರೀ ಗ್ರಾಫು.

ಸರ್ಕಾರಗಳ ಮರ್ಯಾದೆಯೂ ಹೀಗೇ. ನಮ್ಮ ಜಿಲ್ಲಾ ಪುಟ ತೆಗೆದರೆ "ಅಂದರ್ ಬಾಹರ್: ಐವರ ಬಂಧನ" ಅನ್ನೋ ಸುದ್ದಿ ಇಲ್ಲದ ವಾರವಿಲ್ಲ. ಹೊಲದ ಬದುವಿನಲ್ಲಿ ಟವೆಲ್ ಹಾಸಿ ಆಡಿದರೆ ಪೊಲೀಸ್ ಕೇಸು. ಅದೇ ಅಂದರ್ ಬಾಹರನ್ನ ನಾನು ಟೈ ಕಟ್ಟಿಕೊಂಡು ಆಡಿಸಿದರೆ ಸರ್ಕಾರಕ್ಕೆ ಜಿಎಸ್‌ಟಿ, ಮೊದಲು ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 40. ಗೋವಾದವರೂ ಕಡಿಮೆ ಇಲ್ಲ: 2020ರ ಫೆಬ್ರವರಿಯಿಂದ ಅಲ್ಲಿನ ನಿವಾಸಿಗಳು ಕ್ಯಾಸಿನೊದಲ್ಲಿ ಆಡುವ ಹಾಗಿಲ್ಲ. ತಮ್ಮ ಮಕ್ಕಳು ಕೆಡಬಾರದು, ಹುಬ್ಬಳ್ಳಿ ಬೆಂಗಳೂರಿನವರು ಕೆಟ್ಟರೆ ಆದಾಯ.

ಈ ಮಡಿವಂತಿಕೆಗೆ ದಂಡ ಕಟ್ಟೋರು ಯಾರು ಗೊತ್ತಾ? ನನ್ನಂಥವರು. ಮೂರನೇ ವರ್ಷ ನನಗೂ ಕ್ರೂಸ್ ಹಡಗಿನ ಆಸೆ ಹತ್ತಿತು, ಡಾಲರ್ ಸಂಬಳ. ಒಬ್ಬ ಏಜೆಂಟ್ ಸಿಕ್ಕ, 40,000 ಕೇಳಿದ, ಕೊಟ್ಟೆ. ಆಮೇಲೆ ಫೋನ್ ಎತ್ತಲಿಲ್ಲ. ಹಡಗಿನ ಕೆಲಸಕ್ಕೆ ಆಳು ಕಳಿಸೋರಿಗೆ ಡಿ.ಜಿ. ಶಿಪ್ಪಿಂಗ್ ಲೈಸೆನ್ಸ್ ಬೇಕು, ಕೆಲಸಕ್ಕೆ ಹೋಗೋನ ಹತ್ತಿರ ಅವರು ಕಮಿಷನ್ ತಗೊಳ್ಳೋ ಹಾಗೇ ಇಲ್ಲ. ಇಷ್ಟು ಸಣ್ಣ ವಿಷಯ ನನಗೆ ಗೊತ್ತಿರಲಿಲ್ಲ. ಕೇಳೋದಾದರೂ ಯಾರನ್ನ? ಮನೆಯಲ್ಲಿ ನಾನು "ಹೋಟೆಲ್ ಲೈನ್". ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಓಣಿಗೆಲ್ಲ ಗೊತ್ತಾಗುತ್ತೆ. ಸಾಫ್ಟ್‌ವೇರ್ ಕೆಲಸ ಹುಡುಕೋನಿಗೆ ದಾರಿ ಹೇಳೋಕೆ ಮಾವ, ಚಿಕ್ಕಪ್ಪ, ಸೀನಿಯರ್, ಮೂರು ವಾಟ್ಸ್‌ಆ್ಯಪ್ ಗ್ರೂಪ್. ನಮಗೆ ಏಜೆಂಟ್ ಒಬ್ಬನೇ. ಒಳ್ಳೆ ಸಂಬಳ ಅಂತ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಕರೆದೊಯ್ದು ಆನ್‌ಲೈನ್ ವಂಚನೆಗೆ ಕೂರಿಸಿದ ಸುದ್ದಿ ನೀವೂ ಓದಿದ್ದೀರಿ.

ಈಗ ನನಗೇ ಊರಿನ ಕಡೆಯಿಂದ ಹುಡುಗರ ಮೆಸೇಜ್ ಬರ್ತವೆ, ಪಣಜಿಯಲ್ಲಿ ಕೆಲಸ ಸಿಗುತ್ತಾ ಅಂತ. ಬರಬೇಡ ಅಂತ ಯಾರಿಗೂ ಹೇಳಲ್ಲ. ಕೈಗೆ ಬರೋ ಸಂಬಳ ಎಷ್ಟು, ಟಿಪ್ಸ್ ಹೇಗೆ ಹಂಚ್ತಾರೆ, ಪಿಎಫ್ ಇದೆಯಾ, ತರಬೇತಿಗೆ ಬಾಂಡ್ ಬರೆಸಿಕೊಳ್ತಾರಾ, ಇದನ್ನೆಲ್ಲ ಮೊದಲು ಕೇಳು, ಯಾರಿಗೂ ಮುಂಗಡ ಕೊಡಬೇಡ, ವರ್ಷಗಟ್ಟಲೆ ರಾತ್ರಿ ಎಚ್ಚರ ಇರೋ ಮೈ ಇದೆಯಾ ನೋಡ್ಕೊ ಅಂತೀನಿ. ಎಲ್ಲಾ ಕೇಳಿಸಿಕೊಂಡು, ಥ್ಯಾಂಕ್ಸ್ ಹೇಳಿ, ಕೊನೆಗೆ ಎಲ್ಲರೂ ಬರೆಯೋದು ಒಂದೇ ಸಾಲು:

"ಅಣ್ಣಾ, ಮನ್ಯಾಗ ಗೊತ್ತಿಲ್ಲ. ಯಾರಿಗೂ ಹೇಳಬ್ಯಾಡ."