ಆಷಾಢದ ತೇರು, ಸೋದರತ್ತೆಯ ಮನೆ

ಆಷಾಢ ಕಾಲಿಟ್ಟಿತೆಂದರೆ ಮದುವೆಯ ಮಾತುಗಳು ಹಿಂದೆ ಸರಿಯುತ್ತವೆ. ಗೃಹಪ್ರವೇಶದ ಕರೆಯೋಲೆಗಳು ಅಚ್ಚಿಗೆ ಹೋಗುವುದಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣು ಸೀರೆಯ ಪೆಟ್ಟಿಗೆಯೊಡನೆ ತವರಿಗೆ ಮರಳುತ್ತಾಳೆ. ಅತ್ತೆ ಸೊಸೆಯರು ಒಂದೇ ಹೊಸ್ತಿಲನ್ನು ದಾಟಲಾಗದು, ಅಳಿಯನಾದವನು ಮಾವನ ಮನೆಯ ಹೊಸ್ತಿಲನ್ನು ತುಳಿಯಲಾಗದು ಎಂಬುದು ಹಳೆಯ ಮೈಸೂರು ಸೀಮೆಯ ನಂಬಿಕೆ. ಇಂತಹ ತಿಂಗಳಿನಲ್ಲಿ ತೇರನ್ನೆಳೆಯುವ ಊರುಗಳು ಅಪರೂಪ. ಚಾಮರಾಜನಗರದ ಚಾಮರಾಜೇಶ್ವರಸ್ವಾಮಿಯಾದರೋ, ಬೇರೆ ದೇವರುಗಳು ಸುಮ್ಮನಿರುವ ಈ ಮಾಸದಲ್ಲಿಯೇ, ಪೂರ್ವಾಷಾಢ ನಕ್ಷತ್ರದ ದಿನ ತೇರನ್ನೇರುತ್ತಾನೆ.

ಊರಿಗೆ ಮೊದಲು ಅರಿಕುಠಾರವೆಂದು ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆಯವರಾದ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿಯೇ. ಮಗನು ಪಟ್ಟಕ್ಕೆ ಬಂದ ಮೇಲೆ ತಂದೆಯ ಹುಟ್ಟೂರಿಗೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಅದೇ ಹೆಸರಿನ ಈಶ್ವರನ ಗುಡಿಯನ್ನು ಕಟ್ಟಿಸಿದರು. ಹುಟ್ಟಿದ ಸ್ಥಳದಲ್ಲಿ ಜನನ ಮಂಟಪವೂ ಎದ್ದಿತು. ಗುಡಿಯ ಸುತ್ತ ಬೆಳೆದ ರಥದ ಬೀದಿ, ದೊಡ್ಡ ಅಂಗಡಿ ಬೀದಿ, ಚಿಕ್ಕ ಅಂಗಡಿ ಬೀದಿಗಳಲ್ಲಿ ಜಗಲಿಯ ಹಳೆಯ ಮನೆಗಳು ಒಂದೊಂದಾಗಿ ಕಾಂಕ್ರೀಟಿನ ಮನೆಗಳಿಗೆ ಎಡೆಗೊಡುತ್ತಿದ್ದರೂ, ತೇರಿನ ದಿನ ಆ ಬೀದಿಗಳ ಬದುಕು ಬಹಳ ಬದಲಾಗಿಲ್ಲ.

ಆ ದಿನ ಬೀದಿಯ ತುಂಬ ಕಾಣುವವರು ನವದಂಪತಿಗಳು. ಆಷಾಢವು ಬೇರೆಮಾಡಿದ ಗಂಡಹೆಂಡಿರನ್ನು ಆಷಾಢದ ತೇರೇ ಒಂದು ಹಗಲಿನ ಮಟ್ಟಿಗೆ ಕೂಡಿಸುತ್ತದೆ. ಹೊಸ ಸೀರೆ, ಹೊಸ ಪಂಚೆ, ಕೈಯಲ್ಲಿ ದವನ ಸಿಕ್ಕಿಸಿದ ಬಾಳೆಯ ಹಣ್ಣು. ಇಬ್ಬರೂ ಒಟ್ಟಿಗೆ ನಿಂತು ತೇರಿನ ಕಳಶದತ್ತ ಎಸೆದರೆ ಇಷ್ಟಾರ್ಥ ಸಿದ್ಧಿಸುವುದೆಂದು ನಂಬಿಕೆ. ಎಸೆದ ಹಣ್ಣುಗಳಲ್ಲಿ ಹೆಚ್ಚಿನವು ಕಳಶದ ಸಮೀಪಕ್ಕೂ ಹೋಗದೆ ಯಾರದೋ ತಲೆಯ ಮೇಲೆ ಬೀಳುವುದು ನಿಜವಾದರೂ, ಅದಕ್ಕಾಗಿ ಯಾರೂ ಮುನಿಯುವುದಿಲ್ಲ. 2017ರ ಫೆಬ್ರವರಿಯಲ್ಲಿ ಕಿಡಿಗೇಡಿಯ ಕೃತ್ಯದಿಂದ ತೇರಿಗೆ ಬೆಂಕಿ ಬಿದ್ದಿತು. ಬಳಿಕ ಐದು ಆಷಾಢಗಳು ತೇರಿಲ್ಲದೆಯೇ ಕಳೆದುವು. ಹೊಸ ತೇರು ಬೀದಿಗಿಳಿದದ್ದು 2022ರ ಜುಲೈ 13ರಂದು. ನಡುವೆ ಮದುವೆಯಾದವರಿಗೆ ಹಣ್ಣೆಸೆಯುವ ಭಾಗ್ಯ ತಪ್ಪಿತು; ರಥದ ಬೀದಿಯ ಗೃಹಿಣಿಯರಿಗೆ ಐದು ವರ್ಷ ವಿಶ್ರಾಂತಿ ದೊರೆಯಿತು ಎಂದರೆ ಅವರು ಒಪ್ಪುವರೋ ಇಲ್ಲವೋ!

ಈ ಬೀದಿಯಲ್ಲಿ ಮನೆಯಿರುವುದು ಒಂದು ಭಾಗ್ಯವೂ ಹೌದು, ಒಂದು ಹೊರೆಯೂ ಹೌದು. ಉದಾಹರಣೆಗೆ, ಸಂತೆಮರಹಳ್ಳಿಯಲ್ಲಿ ಒಂದು ಕುಟುಂಬವಿದೆಯೆಂದೂ, ಅಲ್ಲಿಯ ಯಜಮಾನರ ಅಕ್ಕನನ್ನು ರಥದ ಬೀದಿಗೆ ಕೊಟ್ಟಿದೆಯೆಂದೂ ಭಾವಿಸಬಹುದು. ಸಂತೆಮರಹಳ್ಳಿ ದಾರಿಗಳು ಕೂಡುವ ಊರು. ಕೊಳ್ಳೇಗಾಲ ಯಳಂದೂರುಗಳ ಕಡೆಯಿಂದ ಬರುವ ಹೆದ್ದಾರಿಯೂ, ತಿರುಮಕೂಡಲು ನರಸೀಪುರ ಮೂಗೂರುಗಳ ಕಡೆಯ ರಸ್ತೆಯೂ ಅಲ್ಲಿ ಸೇರಿ ಚಾಮರಾಜನಗರದತ್ತ ಹೊರಳುತ್ತವೆ. ಹೆಸರಿನಲ್ಲಿಯೇ ಸಂತೆಯನ್ನಿಟ್ಟುಕೊಂಡ, ಸರ್ಕಾರದ ರೇಷ್ಮೆ ಕಾರ್ಖಾನೆಯಿಂದ ಹೆಸರಾದ ಊರದು. ಅಲ್ಲಿಂದ ತೇರಿನ ಊರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದುದರಿಂದ ನಾಲ್ಕೂ ಕಡೆಯ ನೆಂಟರು ಮೊದಲು ಸಂತೆಮರಹಳ್ಳಿಯಲ್ಲಿ ಕಲೆತು, ಗುಂಪಾಗಿ ಅಕ್ಕನ ಮನೆಗೆ ಬರುತ್ತಾರೆ.

ವೈಶಾಖದಲ್ಲಿ ಮಗಳ ಮದುವೆ ಮಾಡಿದ ತಮ್ಮನು ಜ್ಯೇಷ್ಠದ ಕೊನೆಯಲ್ಲಿ ಅಕ್ಕನ ಮನೆಗೆ ಬಂದು, ಕಾಫಿ ಕುಡಿದು, ಲೋಟವನ್ನು ಕೆಳಗಿಟ್ಟು ಹೇಳುತ್ತಾನೆ: “ಅಕ್ಕಾ, ಅಳಿಯಂದಿರು ನಮ್ಮ ಹೊಸ್ತಿಲು ತುಳಿಯುವ ಹಾಗಿಲ್ಲವಲ್ಲ. ತೇರಿಗೆ ನಿಮ್ಮ ಮನೆಗೇ ಕರೆಸಿಬಿಡೋಣ ಅಂತ.”

ಅಕ್ಕನು ಒಡನೆಯೇ, “ಅದಕ್ಕೇನಪ್ಪ, ನಮ್ಮ ಹುಡುಗಿಯಲ್ಲವೇ” ಎನ್ನುತ್ತಾಳೆ. ಬೇರೇನು ಹೇಳಲು ಸಾಧ್ಯ?

ನೋಡಿದರೆ ಏರ್ಪಾಡು ಬುದ್ಧಿವಂತಿಕೆಯದೇ. ಸೋದರತ್ತೆಯ ಮನೆ ಹುಡುಗಿಗೆ ತವರೂ ಅಲ್ಲ, ಅತ್ತೆಯ ಮನೆಯೂ ಅಲ್ಲ. ಅಲ್ಲಿಯ ಹೊಸ್ತಿಲಿಗೆ ಶಾಸ್ತ್ರದ ತಕರಾರಿಲ್ಲ. ಆದರೆ ಶಾಸ್ತ್ರವನ್ನು ನುಣುಚಿಕೊಂಡ ಜಾಣತನದ ಭಾರವೆಲ್ಲ ಆ ಹೊಸ್ತಿಲೊಳಗಿನ ಹೆಂಗಸಿನ ಮೇಲೆ ಬೀಳುತ್ತದೆಂಬುದನ್ನು ತಮ್ಮನು ಯೋಚಿಸಿರುವುದಿಲ್ಲ. ಇಂತಹ ಮನೆಗೆ ಮೊದಲು ಬೇಕಾದದ್ದು ಎಣಿಕೆ. “ಹತ್ತೋ ಹದಿನೈದೋ ಜನ” ಎಂಬ ಮಾತನ್ನು ಎಂದೂ ನಂಬಲಾಗದು; ಬೀಗರ ಕಡೆಯ ಹತ್ತೆಂದರೆ ಇಪ್ಪತ್ತು. ಸಂತೆಮರಹಳ್ಳಿಯವರಿಗೆ ಒಂದರ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಆ ಊರಿನ ಹೆಸರಿನಲ್ಲಿ ವಿಧಾನಸಭಾ ಕ್ಷೇತ್ರವೊಂದಿದ್ದ ಕಾಲದಲ್ಲಿ, 2004ರ ಚುನಾವಣೆಯಲ್ಲಿ, ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಿದ್ದು, ಒಂದೇ ಒಂದು ಮತದಿಂದ ಸೋಲುಗೆಲುವು ನಿರ್ಣಯವಾಯಿತಷ್ಟೆ. ಊಟದ ಮನೆಯಲ್ಲಿಯೂ ಹಾಗೆಯೇ. ನಲವತ್ತು ಎಲೆ ಹಾಕಿ ನಲವತ್ತೊಂದನೆಯವರು ನಿಂತುಕೊಂಡರೆ, ವರುಷಗಟ್ಟಲೆ ಮಾತನಾಡಿಕೊಳ್ಳುವುದು ಆ ಒಂದು ಎಲೆಯನ್ನೇ.

ಆದುದರಿಂದ ತಮ್ಮನನ್ನು ಕೂರಿಸಿಕೊಂಡು ಹೆಸರು ಹೆಸರಾಗಿ ಬರೆಯಿಸಿಕೊಳ್ಳುವುದು ಮೇಲು. ಬರುವವರೆಷ್ಟು, ಉಳಿಯುವವರೆಷ್ಟು, ಮಕ್ಕಳೆಷ್ಟು, ಸಿಹಿಮೂತ್ರದ ರೋಗಿಗಳೆಷ್ಟು, ನೆಲದ ಮೇಲೆ ಕೂರಲಾರದ ವೃದ್ಧರೆಷ್ಟು ಎಂಬ ಐದು ಸಾಲುಗಳು ಸಾಕು. 40 ಎಲೆಗೆ ಅಕ್ಕಿ 5 ಕಿಲೋ. ಒಬ್ಬಟ್ಟಿಗೆ ಒಂದು ಕಿಲೋ ಬೇಳೆ ನೆನೆಹಾಕಿ ಅಷ್ಟೇ ಬೆಲ್ಲ ಸೇರಿಸಿದರೆ ನಲವತ್ತರ ಮೇಲೆ ಬರುತ್ತವೆಯಾದ್ದರಿಂದ, ಎಲೆಗೆ ಎರಡರಂತೆ ಎರಡು ಕಿಲೋ. ಆಷಾಢಕ್ಕೆ ಒಬ್ಬಟ್ಟಿಗಿಂತ ಹೊಂದುವ ಸಿಹಿಯಿಲ್ಲ. ಹಿಂದಿನ ದಿನವೇ ತಟ್ಟಿ ಬೇಯಿಸಿಟ್ಟರೆ ಕೆಡುವುದಿಲ್ಲ. ಬೇಳೆಯ ಕಟ್ಟಿನಿಂದ ಮಾಡಿದ ಸಾರು ಕುದಿಸಿಟ್ಟರೆ ಮರುದಿನಕ್ಕೆ ರುಚಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕೋಸಂಬರಿ, ಪಲ್ಯ, ಅನ್ನ ಇವು ಮೂರೇ ಬೆಳಗಿನ ಕೆಲಸವಾಗಿ ಉಳಿಯುವಂತೆ ಏರ್ಪಡಿಸಿದ ಗೃಹಿಣಿಯು ಅರ್ಧ ಗೆದ್ದಂತೆಯೇ.

ಅಡಿಗೆಯವರನ್ನು ಗೊತ್ತುಮಾಡಿದರೂ ಪಾತ್ರೆಗಳ ಬಳಿ ಮನೆಯವರೊಬ್ಬರು ಇರತಕ್ಕದ್ದು. 2018ರ ಡಿಸೆಂಬರ್ 14ರಂದು ಇದೇ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆತು 17 ಜನ ತೀರಿಕೊಂಡರು. ಕಾಯುವುದೆಂದರೆ ನೆಂಟರನ್ನು ಶಂಕಿಸುವುದಲ್ಲ. ಜನ ತುಂಬಿದ ದಿನ, ಎಲ್ಲರೂ ನೋಡುತ್ತಿರುವರೆಂದು ಭಾವಿಸಿ ಯಾರೂ ನೋಡದಿರುವುದೇ ಅಪಾಯ.

ಹಳೆಯ ಮನೆಯ ತೊಡಕುಗಳು ಬೇರೆ. ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಹಿತ್ತಲು; ಬಚ್ಚಲು ಮಾತ್ರ ಒಂದೇ. ನಲವತ್ತು ಮಂದಿಗೆ ಒಂದು ಬಚ್ಚಲೆಂದರೆ ಯಾವ ಭಕ್ಷ್ಯವೂ ಆ ಕೊರತೆಯನ್ನು ಮುಚ್ಚಲಾರದು. ನೆರೆಮನೆಯವರೊಡನೆ ಮೊದಲೇ ಮಾತನಾಡಿಕೊಂಡು, ಹೆಂಗಸರಿಗೆ ಅಲ್ಲಿ ಒಂದು ಕೋಣೆಯನ್ನೂ ಬಚ್ಚಲನ್ನೂ ಬಿಡಿಸಿಕೊಳ್ಳುವುದು ಈ ಬೀದಿಗಳಲ್ಲಿ ಹಳೆಯ ಮರ್ಯಾದೆ. ಆ ಮನೆಯವರಿಗೆ ಬರಿಯ ಕೃತಜ್ಞತೆ ಸಾಲದು. ಒಬ್ಬಟ್ಟಿನ ಡಬ್ಬಿಯೂ ಹೋಗಬೇಕು. ವೃದ್ಧರನ್ನು ಬೆಳಗಿನ ಮೊದಲ ಬಸ್ಸಿಗೇ ಕರೆತರತಕ್ಕದ್ದು. ತೇರಿನ ಬೀದಿಗೆ ವಾಹನ ಬಿಡುವುದನ್ನು ನಿಲ್ಲಿಸಿದ ಮೇಲೆ ಮಂಡಿನೋವಿನ ಅಜ್ಜಿಯನ್ನು ಜನಜಂಗುಳಿಯಲ್ಲಿ ನಡೆಸಿಕೊಂಡು ಬರುವುದು ಶಿಕ್ಷೆ. ಜಗಲಿಯ ಮೇಲೆ ಅವರಿಗೆ ಕುರ್ಚಿಯಿಟ್ಟು ನಡುವೆ ಯಾರೂ ನಿಲ್ಲದಂತೆ ನೋಡಿಕೊಂಡರೆ, ಅಡಿಗೆಯ ಉಪ್ಪು ಹೆಚ್ಚಾಗಿದ್ದರೂ ಅವರು ಹೊಗಳಿಯೇ ಹೋಗುತ್ತಾರೆ.

ಆಷಾಢದ ಗಾಳಿಯದು ಇನ್ನೊಂದು ಕಥೆ. ಹಿತ್ತಲಿನ ಚಪ್ಪರವನ್ನು ಎತ್ತರಕ್ಕೆ ಕಟ್ಟಿದರೆ ಹಾರುತ್ತದೆ. ತಗ್ಗಾಗಿ, ಗಾಳಿ ಬರುವ ಕಡೆ ಮರೆಮಾಡಿ ಕಟ್ಟಿಸಬೇಕು. ಅನಿಲದ ಒಲೆಯನ್ನು ಗಾಳಿಗಿಟ್ಟರೆ ಉರಿಯೂ ನಿಲ್ಲದು, ಅನ್ನವೂ ಬೇಯದು. ಎಲೆಗಳನ್ನು ತೊಳೆದು ಒದ್ದೆಯಾಗಿಯೇ ಹಾಸಿ, ಒಡನೆಯೇ ನೀರಿನ ಲೋಟವನ್ನಿಡುವುದು ಅನುಭವಸ್ಥರ ಉಪಾಯ.

ಹಣದ ಮಾತು ಬಾರದೆ ಈ ವಿಷಯ ಪೂರ್ಣವಾಗದು. ಹೊಸ ಅಳಿಯನಿಗೆ ತೇರಿನ ದಿನ ಬಟ್ಟೆ ಕೊಡುವುದು ಪದ್ಧತಿ. ಅವನ ತಾಯಿಗೂ ಒಂದು ಸೀರೆ. ಜೊತೆಗೆ ಬಂದ ನಾದಿನಿಗೆ ಕೊಡದಿದ್ದರೆ ಹೇಗೆ? ಮದುವೆಯ ಸಾಲವೇ ತೀರದ ಮನೆಯವರು ಮೂರು ತಿಂಗಳೊಳಗೆ ಎರಡನೆಯ ಸಾಲಕ್ಕೆ ಕೈಯೊಡ್ಡುವುದು ಇಲ್ಲಿಯೇ. ತಮ್ಮನು ಊಟದ ವೆಚ್ಚವನ್ನು ಅಕ್ಕನ ಕೈಗೆ ಕೊಡಲು ಸಂಕೋಚಪಡುತ್ತಾನೆ, ಅಕ್ಕನು ಕೇಳಲು ನಾಚುತ್ತಾಳೆ. ಈ ಎರಡು ಸಂಕೋಚಗಳ ನಡುವೆ ಅಕ್ಕನ ಗಂಡನ ನಿವೃತ್ತಿವೇತನ ಕರಗುತ್ತದೆ. ನೆಂಟಸ್ತಿಕೆ ಕೆಡುವುದು ಕೇಳಿದ್ದರಿಂದಲ್ಲ, ಕೇಳದೆ ಮನಸ್ಸಿನಲ್ಲಿಟ್ಟುಕೊಂಡದ್ದರಿಂದ. “ಅಕ್ಕಿ, ಬೇಳೆ, ಬೆಲ್ಲ ನಿಮ್ಮೂರಿನ ಸಂತೆಯಿಂದ ತಂದುಕೊಡಪ್ಪ, ಉಳಿದದ್ದು ನನಗಿರಲಿ” ಎಂದು ಅಕ್ಕನು ಮೊದಲ ದಿನವೇ ಹೇಳಿಬಿಟ್ಟರೆ ಇಬ್ಬರ ಮಾನವೂ ಉಳಿಯುತ್ತದೆ. ಬಟ್ಟೆಯ ವಿಷಯದಲ್ಲಿ ಹುಡುಗಿಯೇ ಗಂಡನೊಡನೆ ಮಾತನಾಡತಕ್ಕದ್ದು. ಇಂದಿನ ಅಳಿಯಂದಿರಲ್ಲಿ ಅನೇಕರು, “ಬೇಡ, ಒಂದು ಪಂಚೆ ಸಾಕು” ಎನ್ನುವಷ್ಟು ದೊಡ್ಡ ಮನಸ್ಸಿನವರೇ; ಅವರನ್ನು ಕೇಳಿದವರಿಲ್ಲ, ಅಷ್ಟೆ.

ಅಳಿಯನ ಕಚೇರಿಯ ಗೆಳೆಯರು ಇಬ್ಬರೋ ಮೂವರೋ ತೇರು ನೋಡಲು ಬಂದಿರುತ್ತಾರೆ. ಅವರ ಜಾತಿ ಯಾವುದೆಂದು ಒಳಗಿನ ಹಿರಿಯರೊಬ್ಬರು ಮೆಲ್ಲನೆ ವಿಚಾರಿಸುತ್ತಾರೆ. ಅವರಿಗೆ ಜಗಲಿಯ ಮೇಲೆಯೇ ಎಲೆ ಹಾಕಿದರೆ ಹೇಗೆಂಬ ಸಲಹೆ ಬರುತ್ತದೆ. ಈ ಸಲಹೆಗೆ ಆ ಸೀಮೆಯಲ್ಲಿಯೇ ಉತ್ತರವಿದೆ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ, ಪುಷ್ಯ ಮಾಸದ ಹುಣ್ಣಿಮೆಯಿಂದ ಐದು ದಿನ ನಡೆಯುವ ಸಿದ್ದಪ್ಪಾಜಿಯ ಜಾತ್ರೆಯ ನಾಲ್ಕನೆಯ ದಿನಕ್ಕೆ ಪಂಕ್ತಿಸೇವೆಯೆಂದೇ ಹೆಸರು. ಮಂಟೇಸ್ವಾಮಿಯ ಪರಂಪರೆಯ ಒಕ್ಕಲುಗಳು ಜಾತಿಯನ್ನೆಣಿಸದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ದಿನವದು. ಹೊಲದ ಬಯಲಿನಲ್ಲಿ ಸಾಧ್ಯವಾದದ್ದು ರಥದ ಬೀದಿಯ ಹಜಾರದಲ್ಲಿ ಸಾಧ್ಯವಾಗದೇ? ಮನೆಯ ಯಜಮಾನರು ಮಾತನ್ನು ಬೆಳೆಸದೆ, ಗೆಳೆಯರ ಕೈಹಿಡಿದು ಅಳಿಯನ ಪಕ್ಕದ ಎಲೆಗೆ ಕೂರಿಸಿದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ವಿಚಾರಿಸಿದ ಹಿರಿಯರು ಅರ್ಧ ಗಳಿಗೆ ಮುಖ ಗಂಟಿಕ್ಕಿಕೊಂಡಿರಬಹುದು. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದ ಮೇಲೆ ಅದೂ ಸಡಿಲುತ್ತದೆ.

ಎಲ್ಲಕ್ಕಿಂತ ಕಷ್ಟದ ಮಾತೊಂದು ಉಳಿಯಿತು. ತೇರಿನ ಬೀದಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸನ್ನು, “ತೇರು ಹೇಗಿತ್ತಮ್ಮ?” ಎಂದು ಕೇಳಿದರೆ, “ಸದ್ದು ಕೇಳಿಸಿತು” ಎನ್ನುತ್ತಾಳೆ. ಮುಹೂರ್ತ ಮಧ್ಯಾಹ್ನದೂಟಕ್ಕೆ ಸ್ವಲ್ಪ ಮುಂಚೆ ಬರುವುದೇ ವಾಡಿಕೆ. ವಾದ್ಯ ಮೊಳಗುವ ಹೊತ್ತಿಗೆ ಅವಳ ಕೈ ಅನ್ನದ ತಪ್ಪಲೆಯಲ್ಲಿರುತ್ತದೆ. ನೆಂಟರೆಲ್ಲರೂ ಅವಳ ಜಗಲಿಯನ್ನು ತುಂಬಿ ನಿಂತಿರುತ್ತಾರೆ. ಅವಳಿಗೇ ಅಲ್ಲಿ ಕಾಲಿಡಲು ಸ್ಥಳವಿಲ್ಲ. ಊಟವನ್ನು ಒಂದು ಗಂಟೆ ಹಿಂದೂಡಿ, ತೇರು ಮನೆಯ ಮುಂದೆ ಹಾಯುವಾಗ ಒಲೆಗಳನ್ನೆಲ್ಲ ಆರಿಸಿ, ಅಡಿಗೆಮನೆಗೆ ಬೀಗ ಹಾಕಿಬಿಡುವುದು ಕಠಿಣವಾದ ಏರ್ಪಾಡೇನಲ್ಲ. ಬೆಳಗ್ಗೆ ಬಂದವರಿಗೆ ಉಪ್ಪಿಟ್ಟನ್ನೋ ಇಡ್ಲಿಯನ್ನೋ ಹೊಟ್ಟೆ ತುಂಬ ಕೊಟ್ಟಿದ್ದರೆ ಎರಡು ಗಂಟೆಯವರೆಗೂ ಯಾರೂ ಹಸಿವೆನ್ನುವುದಿಲ್ಲ. ಆದರೆ ಈ ಏರ್ಪಾಡನ್ನು ಅವಳಾಗಿ ಹೇಳಲಾರಳು; ಮನೆಯ ಗಂಡಸರೋ, ತಮ್ಮನೋ ಹೇಳಬೇಕು. ಹೇಳುವ ಧೈರ್ಯ ಹೆಚ್ಚಾಗಿ ಬರುವುದು ಹೊಸ ಹುಡುಗಿಗೆ. “ಅತ್ತೆ, ನೀವು ಬರದೆ ನಾವು ಹಣ್ಣು ಎಸೆಯುವುದಿಲ್ಲ” ಎಂದು ಅವಳು ಸೆರಗು ಹಿಡಿದೆಳೆದರೆ, ಅತ್ತೆಯು ಒದ್ದೆಯ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, “ಅಯ್ಯೋ, ಹುಳಿಗೆ ಒಗ್ಗರಣೆ ಆಗಿಲ್ಲ ಕಣೇ” ಎಂದು ಗೊಣಗುತ್ತಲೇ ಜಗಲಿಗೆ ಬರುತ್ತಾಳೆ.

ಸಂಜೆ ಅಳಿಯನು ತನ್ನೂರಿನ ಬಸ್ಸನ್ನೂ ಹುಡುಗಿಯು ಸಂತೆಮರಹಳ್ಳಿಯ ಬಸ್ಸನ್ನೂ ಹಿಡಿಯುತ್ತಾರೆ. ಶ್ರಾವಣಕ್ಕೆ ಇನ್ನೂ ದಿನಗಳಿವೆ. ಅವರಿಬ್ಬರಿಗೂ ಹತ್ತು ನಿಮಿಷ ಮಾತನಾಡಲು ಹಿತ್ತಲಿನ ಕಡೆ ಯಾರೂ ಹೋಗದಂತೆ ಮಕ್ಕಳನ್ನು ತಡೆದು ನಿಲ್ಲಿಸುವುದು ಮನೆಯವರ ಕೆಲಸ. ಆಮೇಲೆ ತಪ್ಪಲೆಗಳನ್ನು ಎಣಿಸಿ, ನೆರೆಮನೆಯ ಚಾಪೆಗಳನ್ನು ಒದರಿ ಹಿಂದಿರುಗಿಸಿ, ಒಬ್ಬಟ್ಟಿನ ಡಬ್ಬಿಯನ್ನು ಕಳುಹಿಸಿಕೊಡುವುದಿದೆ.