ಸವಾಲಿನ ಮನೆಯೂ ಶ್ರಾವಕನ ತಕ್ಕಡಿಯೂ

ಸಾಲ ತೀರದ ಮನೆಗಳನ್ನೂ ನಿವೇಶನಗಳನ್ನೂ ಬ್ಯಾಂಕುಗಳು ಬಹಿರಂಗ ಹರಾಜಿನಲ್ಲಿ ಮಾರುವ ಪ್ರಕಟಣೆಗಳು ದಿನಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತಿವೆ. ನಮ್ಮ ಸಮಾಜದ ವರ್ತಕರು ಅವುಗಳನ್ನು ಪೇಟೆಯ ಧಾರಣೆಯಷ್ಟೇ ಗಮನವಿಟ್ಟು ಓದುತ್ತಾರೆ. ಬಸದಿಯ ನಿಧಿಯ ಹಣವನ್ನು ಇಂತಹ ಆಸ್ತಿಗಳಲ್ಲಿ ತೊಡಗಿಸಿದರೆ ಬ್ಯಾಂಕಿನ ಬಡ್ಡಿಗಿಂತ ಹೆಚ್ಚಿನ ಉತ್ಪನ್ನ ಬರುವುದೆಂಬ ಸಲಹೆಯೂ ಟ್ರಸ್ಟುಗಳ ಸಭೆಗಳಲ್ಲಿ ಕೇಳಿಬರುತ್ತಿದೆ. ಆದುದರಿಂದ ಈ ವ್ಯವಹಾರವನ್ನು ಅಣುವ್ರತಗಳ ದೃಷ್ಟಿಯಿಂದ ಪರಿಶೀಲಿಸುವುದು ಇಂದಿನ ಅಗತ್ಯವಾಗಿದೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಹರಾಜಿನ ಮನೆ ಕಣ್ಣೀರಿನ ಮನೆ, ಅದನ್ನು ಶ್ರಾವಕನು ಮುಟ್ಟಲೇಬಾರದು ಎಂಬುದು ಒಂದು. ಸರ್ಕಾರದ ಕಾನೂನು ಮಾರಿತು, ನಾನು ಹಣ ಕೊಟ್ಟು ಕೊಂಡೆ, ಇದರಲ್ಲಿ ಪಾಪದ ಮಾತೆಲ್ಲಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಬಹುಮಟ್ಟಿಗೆ ಕೊಳ್ಳುವ ಶಕ್ತಿ ಇಲ್ಲದವರು, ಎರಡನೆಯದನ್ನು ಹೇಳುವವರು ಈಗಾಗಲೇ ಕೊಂಡವರು! ಇರಲಿ. ಎರಡೂ ನನಗೆ ಒಪ್ಪಿಗೆಯಾಗಿಲ್ಲ.

ಮೊದಲನೆಯ ವಾದಕ್ಕೆ ಹೆಚ್ಚು ಸ್ಥಳ ಕೊಡಬೇಕಾಗಿಲ್ಲ. ಬ್ಯಾಂಕು ಸಾಲವಾಗಿ ಕೊಟ್ಟ ಹಣ ಬ್ಯಾಂಕಿನ ಸ್ವಂತದ್ದಲ್ಲ, ಅದು ಠೇವಣಿದಾರರದು. ನಿವೃತ್ತ ಶಿಕ್ಷಕನ ಗ್ರಾಚ್ಯುಯಿಟಿ, ವಿಧವೆಯ ಉಳಿತಾಯ, ನಮ್ಮ ಬಸದಿಗಳ ಜೀರ್ಣೋದ್ಧಾರ ನಿಧಿ ಎಲ್ಲವೂ ಅದರಲ್ಲಿ ಸೇರಿದೆ. ಸಾಲ ವಸೂಲಾಗದಿದ್ದರೆ ಈ ಠೇವಣಿಗಳಿಗೆ ಬಡ್ಡಿ ಎಲ್ಲಿಂದ ಬರಬೇಕು? ನಿತ್ಯಪೂಜೆಯನ್ನು ಠೇವಣಿಯ ಬಡ್ಡಿಯಿಂದ ನಡೆಸುತ್ತ, ಆ ಠೇವಣಿಯನ್ನು ಕಾಪಾಡುವ ಹರಾಜನ್ನು ಮಾತ್ರ ಪಾಪವೆಂದು ಸಾರುವುದು ವಿವೇಕವಲ್ಲ. ಸಾಲಗಾರರೆಲ್ಲರೂ ಅನಾಥರೆಂದು ಭಾವಿಸುವುದೂ ಸರಿಯಲ್ಲ. ಶಕ್ತಿಯಿದ್ದೂ ಕೊಡದವರು ಎಷ್ಟು ಮಂದಿ ಇದ್ದಾರೆಂಬುದು ವ್ಯಾಪಾರ ಮಾಡಿದ ಯಾರಿಗೂ ಹೊಸ ಸಂಗತಿಯಲ್ಲ.

ಎರಡನೆಯ ವಾದವನ್ನು ಪರೀಕ್ಷಿಸಬೇಕಾದರೆ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿಯಬೇಕು. ನಮ್ಮವರು ಕಾನೂನಿನ ಹೆಸರು ಹೇಳುತ್ತಾರೆಯೇ ಹೊರತು ಅದನ್ನು ಓದುವವರು ಕಡಿಮೆ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ, ಸಾಲದ ಖಾತೆಯು ಅನುತ್ಪಾದಕವೆಂದು ವರ್ಗೀಕೃತವಾದ ಮೇಲೆ ಬ್ಯಾಂಕು ಸಾಲಗಾರನಿಗೆ 60 ದಿನಗಳ ಗಡುವಿನ ನೋಟೀಸು ಕೊಡಬೇಕು. ಸಾಲಗಾರನು ಆಕ್ಷೇಪಣೆ ಸಲ್ಲಿಸಿದರೆ 15 ದಿನಗಳಲ್ಲಿ ಉತ್ತರಿಸಬೇಕು. ಗಡುವು ಮೀರಿದರೆ ನ್ಯಾಯಾಲಯಕ್ಕೆ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ಸ್ವಾಧೀನಪಡಿಸಿಕೊಳ್ಳಬಹುದು. ಇದರಿಂದ ನೊಂದವನು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣದ ಮುಂದೆ ಹೋಗಬಹುದು. ಹಾಗೆ ಹೋಗುವವನು ಬಾಕಿಯ ನೂರಕ್ಕೆ 75ರಷ್ಟನ್ನು ಮೊದಲೇ ಕಟ್ಟಬೇಕೆಂದು ಮೂಲ ಕಾಯ್ದೆಯಲ್ಲಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ರದ್ದುಪಡಿಸಿತು. ಕೃಷಿಭೂಮಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಮಾರಾಟಕ್ಕೆ ಮುನ್ನ ಬ್ಯಾಂಕು ಅಂಗೀಕೃತ ಮೌಲ್ಯಮಾಪಕನಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆಯನ್ನು ನಿಗದಿಪಡಿಸುತ್ತದೆ. ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದು ಆ ಪ್ರದೇಶದ ಭಾಷೆಯದು, ಪ್ರಕಟಣೆ ಬರಬೇಕು. ಸವಾಲು ತನ್ನ ಪಾಲಿಗೆ ನಿಂತವನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಬೆಲೆಯ ಕಾಲುಭಾಗವನ್ನು ಕಟ್ಟಬೇಕು. ಉಳಿದುದಕ್ಕೆ 15 ದಿನ, ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಒಟ್ಟು ಮೂರು ತಿಂಗಳವರೆಗೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಇಲ್ಲಿಯವರೆಗಿನ ನಿಯಮಗಳು ನಮ್ಮ ವರ್ತಕರಿಗೆ ಕಂಠಪಾಠವಾಗಿವೆ, ಏಕೆಂದರೆ ಇವು ತಮ್ಮ ಕೈಯ ಹಣಕ್ಕೆ ಸಂಬಂಧಿಸಿದವು.

ಅವರು ಓದದೇ ಬಿಡುವುದು ಹದಿಮೂರನೆಯ ಪ್ರಕರಣದ ಏಳನೆಯ ಉಪಪ್ರಕರಣವನ್ನು. ಮಾರಾಟದಿಂದ ಬಂದ ಹಣವನ್ನು ಬ್ಯಾಂಕು ನ್ಯಾಸವಾಗಿ ಇರಿಸಿಕೊಳ್ಳಬೇಕು. ಅದರಲ್ಲಿ ಮೊದಲು ವಸೂಲಾತಿಯ ಖರ್ಚು, ಅನಂತರ ಸಾಲದ ಬಾಕಿ ಸಲ್ಲಬೇಕು, ಉಳಿದ ಹಣವನ್ನು ಅದಕ್ಕೆ ಹಕ್ಕುಳ್ಳವನಿಗೆ, ಸಾಮಾನ್ಯವಾಗಿ ಎಂದರೆ ಮನೆ ಕಳೆದುಕೊಂಡ ಸಾಲಗಾರನಿಗೆ, ಹಿಂದಿರುಗಿಸಬೇಕು. ಹಣ ಸಾಲದೆ ಬಂದರೆ ಮಿಕ್ಕ ಬಾಕಿಗಾಗಿ ಬ್ಯಾಂಕು ಅದೇ ಸಾಲಗಾರನ ಮೇಲೆ ಮತ್ತೆ ಕ್ರಮ ಜರುಗಿಸಬಹುದು. ಹಾಗಾದರೆ ಹರಾಜಿನಲ್ಲಿ ಬಂದ ಪ್ರತಿಯೊಂದು ರೂಪಾಯಿಯೂ ಕೊನೆಗೆ ಸೇರುವುದು ಯಾರ ಲೆಕ್ಕಕ್ಕೆ? ಬ್ಯಾಂಕಿನ ಲೆಕ್ಕಕ್ಕೆ ಎಂದು ನಾವು ಭಾವಿಸಿದ್ದೇವೆ. ಬಹುತೇಕ ಸಂದರ್ಭಗಳಲ್ಲಿ ಅದು ಸೇರುವುದು ಸಾಲಗಾರನ ಲೆಕ್ಕಕ್ಕೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಮೇಲಿನ ಎರಡು ಅಭಿಪ್ರಾಯಗಳಲ್ಲದೆ ಮೂರನೆಯದೊಂದು ನಮ್ಮಲ್ಲಿದೆ. ಅದನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ, ಅಂಗಡಿಯ ಗಾದಿಯ ಮೇಲೆ ಕುಳಿತು ಮೆಲ್ಲನೆ ಹೇಳುತ್ತಾರೆ. ‘ನಮ್ಮವರು ಕೂಗಿದ ಮೇಲೆ ನಾವು ಕೂಗಬಾರದು. ಈ ಮನೆ ಅವರಿಗೆ, ಆ ಸೈಟು ನಮಗೆ. ಸುಮ್ಮನೆ ಪೈಪೋಟಿ ಮಾಡಿ ಬ್ಯಾಂಕಿನವರ ಹೊಟ್ಟೆ ಏಕೆ ತುಂಬಿಸಬೇಕು? ಇದು ಸಾಧರ್ಮಿ ವಾತ್ಸಲ್ಯವಲ್ಲವೇ?’

ಈ ಲೇಖನವನ್ನು ಬರೆಯುವಂತೆ ಮಾಡಿದ್ದು ಈ ಮಾತು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ವಾತ್ಸಲ್ಯದ ಹೆಸರನ್ನು ಇಂತಹ ಕೂಟಕ್ಕೆ ಇಡುವ ಧೈರ್ಯ ನಮಗೆ ಹೇಗೆ ಬಂದಿತು?

ಲೆಕ್ಕ ಹಾಕಿ ನೋಡೋಣ. ಒಂದು ಮನೆಯ ಮೇಲೆ ಖರ್ಚು ಸೇರಿ 33 ಲಕ್ಷ ರೂಪಾಯಿ ಬಾಕಿ ಇದೆಯೆಂದೂ, ಮೀಸಲು ಬೆಲೆ 42 ಲಕ್ಷವೆಂದೂ ಇಟ್ಟುಕೊಳ್ಳಿ. ನಾಲ್ವರು ಪ್ರಾಮಾಣಿಕವಾಗಿ ಸವಾಲು ಕೂಗಿದ್ದರೆ ಅದು 52 ಲಕ್ಷಕ್ಕೆ ಹೋಗುತ್ತಿತ್ತು. ಕೂಟದವರು ಮೊದಲೇ ಮಾತನಾಡಿಕೊಂಡಿದ್ದರಿಂದ ಒಬ್ಬನು ಮೀಸಲು ಬೆಲೆಯ ಮೇಲೆ ಒಂದೇ ಮೆಟ್ಟಿಲು ಏರಿಸಿ 42 ಲಕ್ಷ 25 ಸಾವಿರಕ್ಕೆ ಕೊಂಡನು. ಮನೆಯವನಿಗೆ ಹಿಂದಿರುಗಬೇಕಾಗಿದ್ದ ಹಣ 19 ಲಕ್ಷ, ಹಿಂದಿರುಗಿದ್ದು 9 ಲಕ್ಷ 25 ಸಾವಿರ. ಉಳಿದ 9 ಲಕ್ಷ 75 ಸಾವಿರ ಎಲ್ಲಿ ಹೋಯಿತು? ಕೊಂಡವನ ಮನೆಯಲ್ಲಿದೆ, ಕೆಲವೊಮ್ಮೆ ಸುಮ್ಮನಿದ್ದುದಕ್ಕೆ ಪಾಲು ಪಡೆದ ಮೂವರ ಮನೆಯಲ್ಲಿಯೂ ಇದೆ. ಬ್ಯಾಂಕಿನ ಹೊಟ್ಟೆಯಿಂದ ಒಂದು ಪೈಸೆಯೂ ಕಡಿಮೆಯಾಗಲಿಲ್ಲ, ಅದರ 33 ಲಕ್ಷ ಅದಕ್ಕೆ ಪೂರ್ತಿ ಬಂದಿದೆ. ಬಾಕಿ 51 ಲಕ್ಷವಿದ್ದರಂತೂ ಸ್ಥಿತಿ ಇನ್ನೂ ಕಠೋರ. ನ್ಯಾಯವಾದ ಸವಾಲಿನಲ್ಲಿ ಆ ಸಂಸಾರವು ಋಣಮುಕ್ತವಾಗಿ ಒಂದು ಲಕ್ಷ ರೂಪಾಯಿಯೊಡನೆ ಹೊರಡುತ್ತಿತ್ತು, ಈಗ ಮನೆಯೂ ಹೋಗಿ 8 ಲಕ್ಷ 75 ಸಾವಿರ ರೂಪಾಯಿಯ ಸಾಲವೂ ಬೆನ್ನಿಗೆ ಉಳಿಯಿತು.

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳನನ್ನು ಪ್ರೇರೇಪಿಸುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ. ಇವುಗಳಲ್ಲಿ ನಾಲ್ಕನೆಯದಾದ ಹೀನಾಧಿಕ ಮಾನೋನ್ಮಾನವನ್ನು ಸೇರು ಪಾವುಗಳಿಗೂ ಕಬ್ಬಿಣದ ಬಟ್ಟುಗಳಿಗೂ ಮಾತ್ರ ಸಂಬಂಧಿಸಿದುದೆಂದು ನಾವು ತಿಳಿದಿದ್ದೇವೆ. ಹರಾಜಿನಲ್ಲಿ ತಕ್ಕಡಿ ಯಾವುದು? ಕೊಳ್ಳುವವರ ಪೈಪೋಟಿಯೇ ಅಲ್ಲಿ ತಕ್ಕಡಿ. ಆಸ್ತಿಯ ನಿಜವಾದ ಬೆಲೆಯನ್ನು ತೂಗಿ ತೋರಿಸಲು ಅಲ್ಲಿ ಬೇರೆ ಸಾಧನವಿಲ್ಲ. ಆ ಪೈಪೋಟಿಯನ್ನು ಗುಟ್ಟಾಗಿ ಕಟ್ಟಿಹಾಕುವವನು ತಕ್ಕಡಿಯ ಕೆಳಗೆ ಬೆರಳಿಟ್ಟವನೇ. ಮೂರನೆಯ ಅತಿಚಾರವೂ ಇಲ್ಲಿ ತಪ್ಪುವುದಿಲ್ಲ, ಏಕೆಂದರೆ 2002ರ ಸ್ಪರ್ಧಾ ಕಾಯ್ದೆಯು ಸವಾಲಿನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದನ್ನು ಹೆಸರಿಸಿಯೇ ಆಕ್ಷೇಪಿಸಿದೆ. ಬಾಯಿ ಮುಚ್ಚಿ ಕುಳಿತವನು ತಾನೇನೂ ಮಾಡಲಿಲ್ಲವೆಂದು ಹೇಳಿಕೊಳ್ಳುವಂತಿಲ್ಲ. ಕೃತ, ಕಾರಿತ, ಅನುಮೋದಿತಗಳೆಂಬ ಮೂರನ್ನೂ ಒಂದೇ ಸಾಲಿನಲ್ಲಿ ಇರಿಸಿರುವ ಧರ್ಮ ನಮ್ಮದು.

ಎ.ಪಿ.ಎಂ.ಸಿ. ಯಾರ್ಡಿನಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದ ನನಗೆ ಖರೀದಿದಾರರ ಕೂಟವೆಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಆದರೆ ಯಾರ್ಡಿನಲ್ಲಿ ರೈತನು ತನ್ನ ರಾಶಿಯ ಪಕ್ಕದಲ್ಲಿಯೇ ನಿಂತಿರುತ್ತಾನೆ. ಧಾರಣೆ ಬಿದ್ದರೆ ಕೂಗಾಡುತ್ತಾನೆ, ಚೀಲ ಹೊಲಿದು ಹಿಂದಕ್ಕೆ ಒಯ್ಯುತ್ತಾನೆ, ನಮ್ಮ ಮುಖವನ್ನು ನೋಡುತ್ತಾನೆ. ಮನೆಯ ಹರಾಜಿನಲ್ಲಿ ಮನೆಯವನು ಎದುರಿಗಿರುವುದಿಲ್ಲ. ಈಗ ಎಲ್ಲವೂ ಕಂಪ್ಯೂಟರಿನ ಮೇಲೆ ನಡೆಯುವುದರಿಂದ ಮನೆಯೂ ಎದುರಿಗಿರುವುದಿಲ್ಲ. ಕೂಟ ಮಾತ್ರ ಫೋನಿನಲ್ಲಿ ಮೊದಲಿಗಿಂತ ಸುಲಭವಾಗಿ ನಡೆಯುತ್ತದೆ.

ಇನ್ನೊಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾರೆ. ಪಂಚಕಲ್ಯಾಣದಲ್ಲಿ ಸೌಧರ್ಮೇಂದ್ರನ ಪದವಿಗೆ ಸವಾಲು ನಡೆಯುವಾಗ ಇದೇ ಮಹನೀಯರು ಒಬ್ಬರ ಮೇಲೊಬ್ಬರು ಲಕ್ಷಗಳನ್ನು ಏರಿಸುತ್ತಾರೆ. ಸಾಧರ್ಮಿ ಬಂಧುವು ಕೂಗಿದ್ದಾನೆಂದು ಅಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ. ಹೆಸರು ಧ್ವನಿವರ್ಧಕದಲ್ಲಿ ಬರುವ ಕಡೆ ಏರುವ ಸವಾಲು, ನಿರ್ಗತಿಕನ ಮನೆಯ ಮುಂದೆ ಏಕೆ ಇಳಿಯಬೇಕು?

ಇನ್ನು ಮನೆಯನ್ನು ಖಾಲಿ ಮಾಡಿಸುವ ವಿಷಯ. ಎಷ್ಟೋ ಪ್ರಕಟಣೆಗಳಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂಬ ಪದವಿರುತ್ತದೆ. ಬಾಗಿಲಿಗೆ ನೋಟೀಸು ಅಂಟಿಸಿದೆ, ಒಳಗೆ ಸಂಸಾರ ಇನ್ನೂ ವಾಸವಾಗಿದೆ ಎಂದು ಅದರ ಅರ್ಥ. ಇಂತಹ ಆಸ್ತಿಗೆ ಬೆಲೆ ಕಡಿಮೆ, ಕಡಿಮೆಯೆಂಬ ಕಾರಣಕ್ಕೇ ಅದರ ಮೇಲೆ ಆಸೆ ಹೆಚ್ಚು. ದಂಡಾಧಿಕಾರಿಗಳ ಮೂಲಕ ಸ್ವಾಧೀನ ಪಡೆಯಲು ಕಾಯ್ದೆಯ ಹದಿನಾಲ್ಕನೆಯ ಪ್ರಕರಣ ಬ್ಯಾಂಕಿಗೆ ದಾರಿ ಮಾಡಿಕೊಟ್ಟಿದೆ, ಆದರೆ ಅದಕ್ಕೆ ಕಾಲ ಹಿಡಿಯುತ್ತದೆ. ತಾಳ್ಮೆಯಿಲ್ಲದ ಕೊಳ್ಳುವವನು ನಾಲ್ಕು ಜನ ಹುಡುಗರನ್ನು ಕಳುಹಿಸುತ್ತಾನೆ, ನೀರಿನ ಸಂಪರ್ಕ ಕಡಿಸುತ್ತಾನೆ. ನೀರನ್ನು ಸೋಸದೆ ಕುಡಿಯದವನು ಇನ್ನೊಬ್ಬರ ಮನೆಯ ನೀರನ್ನೇ ನಿಲ್ಲಿಸುವುದನ್ನು ಯಾವ ಶಬ್ದದಿಂದ ವರ್ಣಿಸಬೇಕೋ ತಿಳಿಯದು. ವ್ಯಾಪಾರದಲ್ಲಿ ಅನಿವಾರ್ಯವಾಗಿ ಘಟಿಸುವ ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಇದು ಸೇರುವುದಿಲ್ಲ. ತಿಳಿದೂ ತಿಳಿದೂ ಮಾಡಿಸಿದ ಸಂಕಲ್ಪೀ ಹಿಂಸೆ ಇದು, ಶ್ರಾವಕನು ಪೂರ್ಣವಾಗಿ ಬಿಡಬೇಕಾದದ್ದು.

ಅದರಲ್ಲಿಯೂ ಬೆಂಗಳೂರಿನ ಕಡೆ ಭೋಗ್ಯದ ಬಾಡಿಗೆದಾರರ ಪಾಡು ಹೇಳತೀರದು. ಹತ್ತೋ ಹದಿನೈದೋ ಲಕ್ಷವನ್ನು ಒಟ್ಟಾಗಿ ಮನೆಯೊಡೆಯನಿಗೆ ಕೊಟ್ಟು, ನೋಂದಣಿಯಾಗದ ಕರಾರುಪತ್ರದ ಮೇಲೆ ವಾಸಿಸುತ್ತಿರುತ್ತಾರೆ. ಮನೆ ಬ್ಯಾಂಕಿಗೆ ಅಡವಿದೆಯೆಂಬುದು ಅವರಿಗೆ ತಿಳಿಯುವುದು ಬಾಗಿಲಿಗೆ ನೋಟೀಸು ಬಿದ್ದ ದಿನ. ಅವರು ಸಾಲ ಮಾಡಿದವರಲ್ಲ, ತಪ್ಪಿದವರೂ ಅಲ್ಲ. ಆದರೂ ಕಾನೂನಿನಲ್ಲಿ ಅವರಿಗೆ ಗಟ್ಟಿಯಾದ ಆಸರೆ ಇಲ್ಲ, ಹಣ ವಾಪಸಾತಿಗೆ ಓಡಿಹೋದ ಒಡೆಯನನ್ನು ಹುಡುಕಬೇಕು. ಸಾಲಗಾರನಿಗೂ ಈಗ ಅವಕಾಶ ಕಿರಿದಾಗಿದೆ. ಬಾಕಿ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು 2016ರ ತಿದ್ದುಪಡಿಯ ಮೇಲೆ ಹರಾಜಿನ ಪ್ರಕಟಣೆ ಹೊರಡುವ ದಿನದವರೆಗೆ ಮಾತ್ರ ಉಳಿದಿದೆ, 2023ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿದೆ. ಕಾನೂನು ಇಷ್ಟು ಬಿಗಿಯಾದಾಗ ಕೊಳ್ಳುವವನ ಹೊಣೆ ಹೆಚ್ಚುತ್ತದೆ.

ಪರಿಗ್ರಹ ಪರಿಮಾಣದ ಬಗ್ಗೆ ಒಂದು ಮಾತು. ಆ ವ್ರತದ ಅತಿಚಾರಗಳನ್ನು ಎಣಿಸುವಾಗ ಸೂತ್ರಕಾರರು ಚಿನ್ನ ಬೆಳ್ಳಿಗಳಿಗಿಂತ ಮೊದಲು ಹೊಲ ಮನೆಗಳನ್ನು ಹೇಳಿದ್ದಾರೆ. ನಮ್ಮಲ್ಲಿ ವ್ರತ ಯಜಮಾನರ ಹೆಸರಿನಲ್ಲಿ, ಸೈಟು ಸೊಸೆಯ ಹೆಸರಿನಲ್ಲಿ! ಅಂಗಡಿಯ ಗುಮಾಸ್ತೆಯ ಹೆಸರಿನಲ್ಲಿ ಕೊಂಡದ್ದಾದರೆ ಬೇನಾಮಿ ಕಾಯ್ದೆಯೂ ಬಂದು ಕುಳಿತುಕೊಳ್ಳುತ್ತದೆ, ಕೂಟಲೇಖಕ್ರಿಯೆಯೆಂಬ ಅಸತ್ಯದ ಅತಿಚಾರವೂ ಬಂದು ಕುಳಿತುಕೊಳ್ಳುತ್ತದೆ.

‘ಎಲ್ಲರೂ ಹೀಗೆಯೇ ಮಾಡುತ್ತಾರೆ, ನಾವೊಬ್ಬರು ಬಿಟ್ಟರೆ ಬೇರೆಯವರು ಕೊಳ್ಳುತ್ತಾರೆ’ ಎಂದು ಮಿತ್ರರು ಹೇಳುವುದುಂಟು. ಬಿಡಬೇಕೆಂದು ನಾನು ಹೇಳುತ್ತಿಲ್ಲ, ಕೊಳ್ಳಿರಿ. ಕೊಳ್ಳುವ ಮನಸ್ಸಿದ್ದರೆ ನಿಮಗೆ ನ್ಯಾಯವೆಂದು ತೋರಿದ ಬೆಲೆಯವರೆಗೆ ಎದ್ದು ನಿಂತು ಕೂಗಿರಿ. ಎದುರಿಗೆ ಸ್ವಂತ ಬೀಗರಿದ್ದರೂ ಕೂಗಿರಿ. ನೀವು ಹೆಚ್ಚಿಸಿದ ಪ್ರತಿ ಸಾವಿರವೂ ನೀವು ಕಾಣದ ಒಬ್ಬನ ಋಣವನ್ನು ಇಳಿಸುತ್ತದೆ. ಪಂಡಿತ ಆಶಾಧರರು ಹದಿಮೂರನೆಯ ಶತಮಾನದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟರು. ಪೂಜೆ ದಾನಗಳು ಅನಂತರ ಬಂದವು.

ಬಸದಿಗಳ ಟ್ರಸ್ಟುಗಳಿಗೆ ನನ್ನ ನಿವೇದನೆ ಬೇರೆ. ಸ್ಥಿರಾಸ್ತಿಯಲ್ಲಿ ನಿಧಿಯನ್ನು ತೊಡಗಿಸಲು ಆದಾಯ ತೆರಿಗೆ ಕಾನೂನು ಅಡ್ಡಿ ಮಾಡುವುದಿಲ್ಲವೆಂಬುದನ್ನು ಬಲ್ಲೆ. ಆದರೂ ಜನ ವಾಸವಾಗಿರುವ ಯಾವ ಮನೆಯನ್ನೂ ಟ್ರಸ್ಟು ಹರಾಜಿನಲ್ಲಿ ಕೊಳ್ಳಬಾರದು. ಜಿನಬಿಂಬದ ಅಭಿಷೇಕಕ್ಕೆ ಹಾಲು ತರುವ ಹಣಕ್ಕಾಗಿ ಮಕ್ಕಳ ಪಾತ್ರೆ ಪುಸ್ತಕಗಳು ಬೀದಿಗೆ ಬರಬಾರದು. ಖಾಲಿ ನಿವೇಶನ, ಮುಚ್ಚಿದ ಗೋದಾಮು, ಬ್ಯಾಂಕು ಪೂರ್ಣ ಸ್ವಾಧೀನ ಪಡೆದು ಬೀಗ ಹಾಕಿದ ಕಟ್ಟಡ ಇವುಗಳಿಗೆ ಅಭ್ಯಂತರವಿಲ್ಲ. ಅಲ್ಲಿಯೂ ‘ಇದ್ದಂತೆಯೇ, ಇದ್ದಲ್ಲಿಯೇ’ ಎಂಬ ಷರತ್ತಿನ ಮೇಲೆ ಮಾರುವುದರಿಂದ ಕಂದಾಯದ ಬಾಕಿ, ವಿದ್ಯುತ್ ಬಾಕಿ, ಖಾತೆ, ದಾರಿಯ ತಕರಾರು, ನ್ಯಾಯಾಧಿಕರಣದಲ್ಲಿರುವ ವ್ಯಾಜ್ಯ ಇವೆಲ್ಲವನ್ನೂ ವಕೀಲರಿಂದ ಪರೀಕ್ಷಿಸಿಯೇ ಮುಂದುವರಿಯಬೇಕು.

ಎಷ್ಟು ಬೆಲೆಯವರೆಗೆ ಹೋಗಬೇಕೆಂಬುದನ್ನು ಟ್ರಸ್ಟು ಸ್ವತಂತ್ರ ಮೌಲ್ಯಮಾಪನ ಮಾಡಿಸಿ ನಿರ್ಧರಿಸಲಿ. ಸವಾಲಿಗೆ ಮುನ್ನ ಅದನ್ನು ನಡವಳಿ ಪುಸ್ತಕದಲ್ಲಿ ಬರೆದು ಮುಚ್ಚಿದ ಲಕೋಟೆಯಲ್ಲಿರಿಸಲಿ. ಅದೇ ಆಸ್ತಿಯ ಮೇಲೆ ಕಣ್ಣಿಟ್ಟಿರುವ ವಿಶ್ವಸ್ಥರು ಆ ಸಭೆಯಿಂದ ಹೊರಗಿರಲಿ. ಟ್ರಸ್ಟು ಬರುತ್ತಿದೆಯೆಂದು ಊರಿನ ವರ್ತಕರು ಗೌರವದಿಂದ ಹಿಂದೆ ಸರಿಯುವುದೂ ಉಂಟು, ಹಾಗೆ ಸರಿಯಬೇಡಿರೆಂದು ಅವರಿಗೆ ಬಾಯಿಬಿಟ್ಟು ಹೇಳಬೇಕು. ಬೇರೆಯವರು ಹೆಚ್ಚು ಕೂಗಿ ಆಸ್ತಿ ಕೈತಪ್ಪಿದರೆ ಮುಂಗಡವಾಗಿ ಇಟ್ಟ ಠೇವಣಿ ಹಿಂದಕ್ಕೆ ಬರುತ್ತದೆ, ನಿಧಿಗೆ ನಷ್ಟವಿಲ್ಲ.