ಮಾಮಾ, ಕ್ರೆಡಿಟ್ ಕಾರ್ಡ್ ಕೊಡ್ರಿ...

ಮೊನ್ನೆ ಬನಹಟ್ಟಿಗೆ ಹೋಗಿದ್ದೆ. ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗ, "ಮಾಮಾ, ನಿಮ್ಮ ಕ್ರೆಡಿಟ್ ಕಾರ್ಡ್ ಸ್ವಲ್ಪ ಕೊಡ್ರಿ" ಅಂದ. ಗಾಬರಿಯಾಯ್ತು! ಕೇಳಿದರೆ, ಕಾಲೇಜಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಪಾಠವಂತೆ. ಉಚಿತ ಖಾತೆ ತೆರೆಯೋಕೂ ಕಾರ್ಡ್ ನಂಬರ್ ಬೇಕಂತೆ. ಅವನಪ್ಪ ಮಜೂರಿಗೆ ನೇಯುವವರು, ಮನೆಯಲ್ಲಿ ಕಾರ್ಡ್ ಎಲ್ಲಿಂದ ಬರಬೇಕು?

ಕಾರ್ಡ್ ಕೇಳದ ವಿದ್ಯಾರ್ಥಿ ಯೋಜನೆಗಳೂ ಇವೆ, ಒಪ್ಪಿದೆ. ಆದರೆ ಅಲ್ಲಿ ಹುಡುಗರು ಕಲಿಯೋದು ಯಾವ ಗುಂಡಿ ಒತ್ತಿದರೆ ಸರ್ವರ್ ಬರುತ್ತೆ ಅನ್ನೋದನ್ನ. ಗುಂಡಿಯ ಹಿಂದೆ ಏನಿದೆ ಅನ್ನೋದು ಕಾಣಿಸೋದೇ ಇಲ್ಲ.

ಅದನ್ನು ನೋಡಬೇಕಾದರೆ ಅಪಾಚೆ ಕ್ಲೌಡ್‌ಸ್ಟ್ಯಾಕ್ ಇದೆ. 2011ರಲ್ಲಿ ಸಿಟ್ರಿಕ್ಸ್ ಕೊಂಡುಕೊಂಡು, 2012ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿದ ಮುಕ್ತ ತಂತ್ರಾಂಶ. (ನಾಸಾ ಮತ್ತು ರ‍್ಯಾಕ್‌ಸ್ಪೇಸ್ 2010ರಲ್ಲಿ ಶುರು ಮಾಡಿದ ಓಪನ್‌ಸ್ಟ್ಯಾಕ್ ಕೂಡ ಇದೆ, ಅದರ ತಲೆನೋವು ಇನ್ನೂ ದೊಡ್ಡದು.) ಇದರಲ್ಲಿ ಪ್ರತ್ಯೇಕ ನೆಟ್‌ವರ್ಕ್ ಬೇಕೆಂದರೆ ಅದೇ ಒಂದು ವರ್ಚುವಲ್ ರೂಟರ್ ಎಬ್ಬಿಸುತ್ತೆ. ಐಪಿ ಹಂಚೋದು, ಫೈರ್‌ವಾಲ್ ಕಾಯೋದು ಆ ರೂಟರ್ ಕೆಲಸ. ಅದೂ ಒಂದು ಲಿನಕ್ಸ್ ಯಂತ್ರವೇ. ಒಳಗೆ ಹೊಕ್ಕು ನೋಡಬಹುದು, ಕೆಡಿಸಬಹುದು, ಮತ್ತೆ ಎಬ್ಬಿಸಬಹುದು. ಬಾಡಿಗೆ ಕ್ಲೌಡಿನಲ್ಲಿ ಈ ಬಾಗಿಲು ತೆರೆಯೋಲ್ಲ.

ಒಡೆತನದ ಮಾತೂ ಇದೆ. ಕ್ಲೌಡ್ ಕಟ್ಟಲು ಬಳಸುವ ಟೆರಾಫಾರ್ಮ್‌ನ ಲೈಸೆನ್ಸನ್ನು ಹಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಬಿಗಿ ಮಾಡಿತು. ಹಳೆಯ ಕೋಡ್ ಮುಕ್ತವಾಗಿತ್ತಲ್ಲ, ಬಳಸುವವರು ಅದನ್ನೇ ಹಿಡಿದು ಓಪನ್‌ಟೋಫು ಕಟ್ಟಿಕೊಂಡರು. ಅದೇ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡಿತು. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್ ಮಾರೋದನ್ನು ಡಿಸೆಂಬರಿನಲ್ಲೇ ನಿಲ್ಲಿಸಿತು. ಅಲ್ಲಿ ಗ್ರಾಹಕರ ಕೈಯಲ್ಲಿ ಕೋಡೇ ಇರಲಿಲ್ಲ. ರಬಕವಿಯಲ್ಲಿ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸ್ವಂತ ಮಗ್ಗಕ್ಕೂ ಮಾಲೀಕರ ನೂಲಿಗೂ ಏನು ಫರಕು ಅಂತ ಅಲ್ಲಿ ಎಲ್ಲರಿಗೂ ಗೊತ್ತು.

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕಾಲೇಜುಗಳು ಮೂಲೆಗೆ ತಳ್ಳಿದ ನಾಲ್ಕು ಕಂಪ್ಯೂಟರ್ ಜೋಡಿಸಿದರೆ ಸಾಕು, ಲ್ಯಾಬ್‌ನಲ್ಲೇ ಒಂದು ಪುಟ್ಟ ಕ್ಲೌಡ್ ಆಗುತ್ತೆ. ಕರೆಂಟ್ ಹೋದರೆ ಮೋಡ ಚದುರುತ್ತೆ, ನಿಜ. "ಕೆಲಸ ಕೊಡುವವರು ದೊಡ್ಡ ಕಂಪನಿಗಳ ಸರ್ಟಿಫಿಕೇಟ್ ಕೇಳ್ತಾರ್ರಿ" ಅಂತಾರೆ ಮೇಷ್ಟ್ರುಗಳು. ಕೇಳಲಿ. ರೂಟಿಂಗ್ ಗೊತ್ತಿದ್ದವನಿಗೆ ಆ ಸರ್ಟಿಫಿಕೇಟ್ ಎಷ್ಟು ದಿನದ ಓದು?

ಅಳಿಯನಿಗೆ ಕಾರ್ಡ್ ಕೊಡಲಿಲ್ಲ. ನನ್ನ ಹಳೇ ಡೆಸ್ಕ್‌ಟಾಪಿಗೆ 16 ಜಿಬಿ ರ‍್ಯಾಮ್ ಹಾಕಿಸಿ ಕೊಟ್ಟೆ. ಉಬುಂಟು ಹಾಕಿ ಕ್ಲೌಡ್‌ಸ್ಟ್ಯಾಕ್ ಕೂರಿಸಿದ್ದಾನೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನು: "ಮಾಮಾ, ರೂಟರ್ ಏಳವಲ್ದು!" ಲಾಗ್ ಕಳಿಸು ಅಂದಿದ್ದೀನಿ.